ದೌಲತ್

ಯೋಂಗ್ ಸಾವಿಯಾಳ ಮಂಚದಡಿ ಬೂಟಿನ ಖಾಲಿ ಡಬ್ಬಿಗಳು.
ಆ ರಟ್ಟನ್ನೇ ಕತ್ತರಿಸಿ ಹೂವು, ಬಳ್ಳಿ, ಮೊಗ್ಗು ಮಾಡಿ
ಹಳದಿ ಮಖಮಲ್ಲಿನ ಮೇಲಿಟ್ಟು
ಜರಿಯ ಎಳೆಯನ್ನು ಅತ್ತಿಂದಿತ್ತ ಹೊದಿಸುತ್ತಾಳೆ
ರಟ್ಟು ಕಾಣದಂತೆ.
ಅರಮನೆಯ ದಿಂಬು ಅದು.
ಸುಲ್ತಾನರು ಒರಗುವುದು ಮೂವತ್ತೊಂಬತ್ತನೇ ನಂಬರಿನ
ಹೆಂಗಸರ ಬೂಟಿನ ಡಬ್ಬಿಗೆ, ಎಂದು
ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.
ನನಗೆ ಹೇಳಿದಳು, ಹೇಳಿ ಬಾಯಿ ಮುಚ್ಚಿಕೊಂಡಳು.

ಪೆರಾಕ್ ಹೊಳೆ ಹಿತ್ತಿಲಿಗೆ ತಾಗಿಯೇ ಹರಿಯುತ್ತದೆ,
ಹಾಲು ಜಾಸ್ತಿಯಾದ ಚಹಾದ ಬಣ್ಣ.

ಅಲ್ಲಿ ದೊರೆಗೆಂದೇ ಒಂದು ಮಾತಿದೆ, ದೌಲತ್.
ಹಣವಲ್ಲ, ದಂಡು ದಳವಲ್ಲ,
ಪಟ್ಟಕ್ಕೆ ಕೂತವನ ಮೈಯಿಂದ ಏಳುವ
ಕಣ್ಣಿಗೆ ಕಾಣದ ಕಾವು.
ಮುಟ್ಟಬಾರದ್ದನ್ನು ಮುಟ್ಟಿದರೆ
ಕಾಲು ಬಾಯುತ್ತದೆ, ಅದರ ಹೆಸರು ಬೇರೆ, ತುಲಾಹ್.
ನಮ್ಮ ಕಡೆ ಇದೇ ಮಾತು
ಕಾಲರ್ ಎತ್ತಿಕೊಂಡು ಕಟ್ಟೆಯ ಮೇಲೆ ಕೂರುತ್ತದೆ,
'ಏನವನ ದೌಲತ್ತು!' ಅನ್ನುತ್ತೇವೆ, ಎಂದೆ.
ಅವಳು ನಗಲಿಲ್ಲ.
'ಎಷ್ಟು ದೂರ ಹೋಗಿ ಕೆಟ್ಟಿತು' ಎಂದಳು,
ಊರು ಬಿಟ್ಟ ಮಗಳ ಸುದ್ದಿ ಕೇಳಿದವಳ ಹಾಗೆ.

ಮೊಮ್ಮಗ ಕುಲುಪ್‌ಗೆ ಐದಾದರೂ ಮಾತು ಬಂದಿರಲಿಲ್ಲ.
ಕಿವಿ ನೆಟ್ಟಗಿದೆ, ಕಾಯಿರಿ, ಅಂದಿದ್ದರು
ಈಪೋ ಆಸ್ಪತ್ರೆಯವರು.
ಪಟ್ಟದ ದಿನ ಸೊಂಟದ ಮೇಲೆ ಕೂರಿಸಿಕೊಂಡು
ಅರಮನೆ ದಿಬ್ಬದ ಇಳಿಜಾರಲ್ಲಿ ನಿಂತಳು.
ಒಳಗೆಲ್ಲೋ ನೌಬತ್ತು ಗುಡುಗಿತು,
ಬೆಳ್ಳಿಯ ಕಹಳೆ ಒಂದೇ ಉಸಿರಿನಲ್ಲಿ ಅತ್ತಿತು.
ಮುಂದಿದ್ದವನು ಕೂಗಿದ: ದೌಲತ್ ತುವಾನ್‌ಕು!
ಜನ ಕೂಗಿದರು. ಮತ್ತೆ. ಮತ್ತೆ.
ಲೆಕ್ಕ ಮೂರೇ. ಆಮೇಲಿನ ಮೌನವೂ
ದೊರೆಗೇ ಸಲ್ಲಬೇಕಾದ್ದು.

ಅದರೊಳಗೆ
ಒಡಕು ದನಿಯಲ್ಲಿ, ಸೊಂಟದ ಮೇಲಿಂದ
ನಾಲ್ಕನೆಯದು.

ಪೊಲೀಸಿನವನ ಕೊರಳು ತಿರುಗಿತು,
ಬಿಸಿಲ ಕೊಡೆಗಳು ತಿರುಗಿದವು.
ಹುಡುಗನ ಬಾಯಿಗೆ ಅಂಗೈ ಒತ್ತಿದಳು,
ತೆಗೆದಳು,
ಮತ್ತೆ ಒತ್ತಲು ಮನಸ್ಸು ಬರಲಿಲ್ಲ.
ಐದು ವರ್ಷ ಕಾದದ್ದು ಇದಕ್ಕೋ?
ನೀರು ಅನ್ನಬಾರದಿತ್ತೇ? ಅಜ್ಜಿ ಅನ್ನಬಾರದಿತ್ತೇ?

ಮನೆಗೆ ಬಂದ ಮೇಲೂ ಅದೊಂದೇ ಮಾತು.
ಹುಂಜಕ್ಕೆ ದೌಲತ್.
ಕರೆಂಟು ಬಿಲ್ಲಿನವನಿಗೆ ದೌಲತ್,
ಅವನು ಹೆಲ್ಮೆಟ್ ಕಳಚಿ ಎದೆಗೆ ಹಿಡಿದು ನಿಂತ.
ಹಿತ್ತಿಲಲ್ಲಿ ದೂರಿಯನ್ ಹಣ್ಣು ದೊಪ್ಪನೆ ಬಿದ್ದರೆ ಆ ಸದ್ದಿಗೆ,
ಬಚ್ಚಲಲ್ಲಿ ತನ್ನದೇ ಹೊಕ್ಕುಳಿಗೆ.

ಹೆದರಿ, ಹಿಂದೆ ನೌಬತ್ತು ಬಾರಿಸುತ್ತಿದ್ದ
ಈಗ ಚಮಚ ಹಿಡಿದರೂ ಕೈ ನಡುಗುವ
ತೋಕ್ ಆಂದಾಕನ ಮನೆಗೆ ಎಳೆದೊಯ್ದಳು.
ಎಲೆಬೀಡಿ ಆರಿಸಿ ಮುದುಕ ಹೇಳಿದ:
ಅರಬರ ನಾಡಲ್ಲಿ ಹುಟ್ಟಿದಾಗ ಈ ಮಾತಿಗೆ
ತಿರುಗುವುದು, ಸರದಿ ಅಂತಷ್ಟೇ ಅರ್ಥವಂತೆ.
ಇವತ್ತು ಇವನ ಮನೆ, ನಾಳೆ ಅವನ ಮನೆ.
ನಮ್ಮ ದೊರೆಗಳ ಹತ್ತಿರ ಬಹಳ ದಿನ ಕೂತುಬಿಟ್ಟಿತು,
ಕಾಲು ಜೋಮು ಹಿಡಿದಿರಬೇಕು.
ಹುಡುಗ ಒಂದಿಷ್ಟು ಅಡ್ಡಾಡಿಸುತ್ತಿದ್ದಾನೆ, ಬಿಡು.
ಅಂದವನೇ
ಯಾರಾದರೂ ಕೇಳಿಸಿಕೊಂಡರೇ ಎಂದು
ಬಾಗಿಲ ಕಡೆ ನೋಡಿದ.

ಆ ರಾತ್ರಿ ದಿಂಬಿನ ಕೊನೆಯ ಎಲೆ ಉಳಿದಿತ್ತು.
ಸೂಜಿಗಣ್ಣು ಕಾಣದೆ, ದಾರದ ತುದಿಯನ್ನು ಎಂಜಲು ಮಾಡಿ
ದೀಪಕ್ಕೆ ಬಾಗಿದವಳನ್ನು
ಹುಡುಗ ನೋಡುತ್ತಲೇ ಇದ್ದ.
ಎದ್ದ. ಟೀವಿಯಲ್ಲಿ ಮಂತ್ರಿಗಳು ಮಾಡಿದಂತೆ
ಕೈ ಜೋಡಿಸಿ ಹಣೆಗೆ ಮುಟ್ಟಿಸಿದ.
ಆ ಮಾತು ಅಂದ.

'ಛೀ, ನನಗಲ್ಲವೋ!'
ಕಿವಿ ಹಿಂಡಿ ಮಲಗಿಸಿದಳು.
ಆಮೇಲೆ ಸೊಳ್ಳೆಪರದೆ ಎತ್ತಿ
ಅವನ ಪಾದ, ಹರಡು, ಮೀನಖಂಡ
ಒತ್ತಿ ಒತ್ತಿ ನೋಡಿದಳು.
ಊತವಿಲ್ಲ. ಎಡ ಹಿಮ್ಮಡಿಯ ಮೇಲೆ
ಸೊಳ್ಳೆ ಕಡಿದ ಒಂದು ಗಂದೆ.

ಪರದೆ ಇಳಿಬಿಟ್ಟು
ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು
ದೀಪವನ್ನು ಮೆಲ್ಲಗೆ ಇತ್ತ ಸರಿಸಿ
ತನ್ನ ಪಾದಗಳನ್ನೂ ನೋಡಿಕೊಂಡಳು.